ಶಾಲೆಯ ಬಾಗಿಲು ತೆರೆಯುವ ಮುನ್ನ

ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಗುಂಡ್ಲುಪೇಟೆಯ ಸೀಮೆಯ ರೈತನು ಹೊಲವನ್ನು ಹಸನುಮಾಡಿ, ಗೊಬ್ಬರ ಚೆಲ್ಲಿ, ಬೀಜವನ್ನು ಆರಿಸಿಟ್ಟುಕೊಂಡು ಆಕಾಶವನ್ನು ನೋಡುತ್ತಿರುತ್ತಾನೆ. ಮಳೆ ಬಿದ್ದ ಮೇಲೆ ನೇಗಿಲು ಹುಡುಕಹೊರಟವನನ್ನು ಕಂಡರೆ ಊರೇ ನಗುತ್ತದೆ. ಹೆಚ್ಚುಕಡಮೆ ಅದೇ ವಾರದಲ್ಲಿ ಅದೇ ಊರಿನ ಪ್ರಾಥಮಿಕ ಪಾಠಶಾಲೆಯೂ ಬಾಗಿಲು ತೆರೆಯುತ್ತದೆ. ಬೇಸಗೆಯ ರಜೆಯುದ್ದಕ್ಕೂ ಮುಚ್ಚಿದ್ದ ಕೋಣೆಯ ಬೀಗವನ್ನು ಮಕ್ಕಳ ಎದುರಿಗೇ ತೆಗೆದು, ಆಮೇಲೆ ಪೊರಕೆಯನ್ನು ಹುಡುಕುವ ಪ್ರಸಂಗವನ್ನು ಕಂಡು ಮಾತ್ರ ಯಾರೂ ನಗುವುದಿಲ್ಲ. ಯಾರೂ ನಾಚುವುದೂ ಇಲ್ಲ. ಹೊಲದ ವಿಷಯದಲ್ಲಿ ನಮಗಿರುವ ಹಂಗಾಮಿನ ಅರಿವು ಮಕ್ಕಳ ವಿಷಯದಲ್ಲಿ ಏಕಿಲ್ಲವೆಂಬುದೇ ಇಂದು ನಾವು ವಾಚಕರ ಮುಂದಿಡುವ ಪ್ರಶ್ನೆ.

ಬೇಗೂರು ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲಣ ಊರು. ಒಂದು ಹೋಬಳಿಯ ಕೇಂದ್ರ. ಹೋಬಳಿಗೂ ಪಾಠಶಾಲೆಗೂ ಮೈಸೂರು ಸೀಮೆಯಲ್ಲಿ ಹಳೆಯ ನಂಟು. ವಿದ್ಯಾ ಇಲಾಖೆಯಲ್ಲಿ ಬಿ. ಎಲ್. ರೈಸ್ ಅವರಿದ್ದ ಕಾಲದಲ್ಲಿ, 1868ರಲ್ಲಿ, ಹೋಬಳಿಗೊಂದು ಪಾಠಶಾಲೆಯೆಂಬ ಯೋಜನೆ ಹೊರಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸುವ ಶಾಸನವಾಯಿತು. ಸ್ವತಂತ್ರ ಭಾರತವು 2002ರಲ್ಲಿ ಸಂವಿಧಾನವನ್ನೇ ತಿದ್ದಿ, 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ವಿದ್ಯೆಯನ್ನು ಮೂಲಭೂತ ಹಕ್ಕಾಗಿ ಮಾಡಿತು. ಅದಕ್ಕೆ ಬೇಕಾದ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹೀಗೆ ಸುಮಾರು ಒಂದೂವರೆ ಶತಮಾನದ ಪ್ರಯತ್ನವು ಬಡವನ ಮಗುವನ್ನು ಶಾಲೆಯ ಹೊಸ್ತಿಲವರೆಗೆ ಕೈಹಿಡಿದು ತಂದು ನಿಲ್ಲಿಸಿದೆ. ಹೊಸ್ತಿಲನ್ನು ದಾಟಿದ ಮಗುವು ಒಳಗೆ ಏನನ್ನು ಕಾಣಬೇಕೆಂಬುದು ಮಾತ್ರ ಊರಿನವರ ಕೈಯಲ್ಲಿ ಉಳಿದಿದೆ.

ಒಂದನೆಯ ತರಗತಿಯ ಕೋಣೆಯೆಂದರೆ ನಾಲ್ಕು ಗೋಡೆ, ಒಂದು ಕರಿಹಲಗೆ, ಒಂದು ಕುರ್ಚಿ ಎಂದು ಭಾವಿಸುವ ಕಾಲ ಎಂದೋ ಹೋಯಿತು. 1907ರ ಜನವರಿ 6ರಂದು ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮರಿಯಾ ಮಾಂಟೆಸೊರಿ ತಮ್ಮ ಮೊದಲ ಶಿಶುಮಂದಿರವನ್ನು ತೆರೆದರು. ಮೇಜು, ಕುರ್ಚಿ, ಬೀರುಗಳೆಲ್ಲ ಮಗುವಿನ ಅಳತೆಗೆ ಇರಬೇಕೆಂಬುದು ಅವರ ಪದ್ಧತಿಯ ತಳಹದಿಗಳಲ್ಲಿ ಒಂದು. ಅದೇ ತತ್ತ್ವವನ್ನು ಕಾಣಲು ನಾವು ರೋಮ್ ನಗರಕ್ಕೆ ಹೋಗಬೇಕಾಗಿಲ್ಲ. ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಸರ್ಕಾರಿ ಶಾಲೆಯ ಉಪಾಧ್ಯಾಯರೇ ನಲಿಕಲಿ ಎಂಬ ಪದ್ಧತಿಯನ್ನು ಆರಂಭಿಸಿದರು. ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ಕಂಡು ಬಂದು, ಅಲ್ಲಿನದನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡವರು ಅವರು. ಚಾಮರಾಜನಗರ ಜಿಲ್ಲೆ 1997ರಲ್ಲಿ ಬೇರೆಯಾಗುವವರೆಗೆ ಗುಂಡ್ಲುಪೇಟೆಯೂ ಕೋಟೆಯೂ ಒಂದೇ ಮೈಸೂರು ಜಿಲ್ಲೆಗೆ ಸೇರಿದ್ದವು. ಮನೆಯಂಗಳದಲ್ಲಿ ಹುಟ್ಟಿದ ಈ ಪದ್ಧತಿಯು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಈ ಪದ್ಧತಿಯಲ್ಲಿ ಕೋಣೆಯ ಸಿದ್ಧತೆಯು ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ಚಿಕ್ಕ ಊರಿನಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಉಪಾಧ್ಯಾಯರ ಮುಂದೆ ಕುಳಿತಿರುತ್ತಾರೆ. ಅವರನ್ನು ಐದು ತಟ್ಟೆಗಳೆಂಬ ಗುಂಪುಗಳಾಗಿ ಕೂರಿಸುವುದು ಕ್ರಮ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಮತ್ತೊಂದಕ್ಕೆ ಅಷ್ಟಿಷ್ಟು ನೆರವು. ಎರಡು ಗುಂಪುಗಳಿಗೆ ಜೊತೆಯ ಮಕ್ಕಳ ನೆರವು. ಐದನೆಯ ಗುಂಪಿನದು ತಾನೇ ಕಲಿಯುವ ಕೆಲಸ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗುವು ತನ್ನ ಮೆಟ್ಟಿಲನ್ನು ತಾನೇ ಕಂಡುಕೊಂಡು, ಗುರುತಿನ ಚಿತ್ರವನ್ನು ನೋಡಿ, ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳಬೇಕು. ಉಪಾಧ್ಯಾಯರು ಒಂದು ಗುಂಪಿನೊಡನೆ ಕುಳಿತಿರುವಾಗ ಉಳಿದ ಮಕ್ಕಳಿಗೆ ಪಾಠ ಹೇಳುವುದು ಆ ಕೋಣೆಯೇ. ಕಾರ್ಡುಗಳು ಕಲಸಿಹೋಗಿದ್ದರೆ, ಏಣಿಯು ಹರಿದುಹೋಗಿದ್ದರೆ, ಆ ಎರಡನೆಯ ಉಪಾಧ್ಯಾಯ ಗೈರುಹಾಜರಾದಂತೆಯೇ ಸರಿ. ಪದ್ಧತಿಯ ಹೆಸರು ನಾಳೆ ಬದಲಾಗಬಹುದು. ಮೂರು ತರಗತಿಗೆ ಒಬ್ಬ ಉಪಾಧ್ಯಾಯರಿರುವವರೆಗೆ ಈ ಸತ್ಯವು ಬದಲಾಗದು.

ಹಾಗಾದರೆ ಬಾಗಿಲು ತೆರೆಯುವ ಮುನ್ನ ಆಗಬೇಕಾದುದೇನು? ಮೊದಲು ಮಾಡು. ಮುಂಗಾರಿಗೆ ಮುಂಚಿನ ಒಂದು ಹದಮಳೆ ಬಿದ್ದ ದಿನ ಯಾರಾದರೂ ಕೋಣೆಯೊಳಗೆ ನಿಂತು ಎಲ್ಲೆಲ್ಲಿ ಸೋರುತ್ತದೆಂದು ಗುರುತುಹಾಕಿಕೊಳ್ಳಬೇಕು. ಒಡೆದ ಹೆಂಚು ನಾಲ್ಕೇ ಆದರೂ ಅದರ ಕೆಳಗಿನ ಮಕ್ಕಳು ಮಳೆಗಾಲವಿಡೀ ಮೂಲೆಗೆ ಒತ್ತರಿಸಿಕೊಂಡು ಕೂರಬೇಕಾಗುತ್ತದೆ. ತಿಂಗಳುಗಟ್ಟಲೆ ಮುಚ್ಚಿದ್ದ ಕೋಣೆಯಲ್ಲಿ ಕಣಜದ ಗೂಡು, ಚೇಳು, ಹಾವು ಸೇರಿಕೊಂಡಿರುವುದು ಅಪೂರ್ವವಲ್ಲ. ಬೀರುವಿನ ಹಿಂದೆ, ಚಾಪೆಯ ಸುರುಳಿಯೊಳಗೆ ದೊಡ್ಡವರು ನೋಡಿದ ಮೇಲೆಯೇ ಮಕ್ಕಳ ಕೈ ಅಲ್ಲಿಗೆ ಹೋಗಬೇಕು. ಆಮೇಲೆ ಸುಣ್ಣ. ಗೋಡೆ ಬೆಳ್ಳಗಿದ್ದರೆ ದೀಪವಿಲ್ಲದ ಮೋಡದ ದಿನದಲ್ಲಿಯೂ ಅಕ್ಷರ ಕಾಣುತ್ತದೆ. ಕಿಟಕಿಯ ಬೆಳಕು ಬರೆಯುವ ಮಕ್ಕಳ ಎಡಗಡೆಯಿಂದ ಬೀಳುವಂತೆ ಚಾಪೆ ಹಾಸಿದರೆ ಬಲಗೈಯ ನೆರಳು ಅಕ್ಷರದ ಮೇಲೆ ಬೀಳದು. ಕರಿಹಲಗೆಯು ಕಿಟಕಿಗೆ ಎದುರಾಗಿದ್ದರೆ ಹೊಳಪಿನಿಂದ ಅರ್ಧ ತರಗತಿಗೆ ಏನೂ ಕಾಣದು. ಇವಕ್ಕೆಲ್ಲ ಕಾಸು ಬೇಡ, ಕಣ್ಣು ಬೇಕು.

ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗಾಗಿ ಬಳಿದ ಕಪ್ಪು ಪಟ್ಟಿಗೆ ಮತ್ತೊಮ್ಮೆ ಬಣ್ಣ ಹಾಕಬೇಕು. ಅದು ಮಕ್ಕಳ ಸ್ವಂತ ಕರಿಹಲಗೆ. ಕಾರ್ಡುಗಳನ್ನು ಎಣಿಸಿ, ಇಲ್ಲದವನ್ನು ಬರೆದಿಟ್ಟುಕೊಂಡು, ಆರು ವರ್ಷದ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಇಡಬೇಕು. ಎಣಿಸಲು ಹುಣಿಸೆಬೀಜ, ಹತ್ತು ಹತ್ತರ ಕಟ್ಟಿಗೆ ಬಿದಿರುಕಡ್ಡಿ. ಊರಿನಲ್ಲಿ ಇವಕ್ಕೆ ಬರವೆಲ್ಲಿ? ಚಿತ್ರ ತೂಗಿಹಾಕುವುದಾದರೆ ಎಲ್ಲಿಯದೋ ಹಿಮಪರ್ವತದ ಬದಲು ಈ ಸೀಮೆಯ ಚೆಂಡುಹೂವಿನ ಹೊಲ, ಅರಿಶಿನದ ಗಿಡ, ಬಂಡೀಪುರದ ಆನೆ, ಗೋಪಾಲಸ್ವಾಮಿ ಬೆಟ್ಟ ಇರಲಿ. ಕಾಡಂಚಿನ ಸೋಲಿಗರ, ಜೇನುಕುರುಬರ ಹಾಡಿಯಿಂದ ಬಂದ ಮಗುವಿಗೆ ಪುಸ್ತಕದ ಮಾತು ಹೊಸತು. ಕಂಡ ಪ್ರಾಣಿಯೊಂದು ಗೋಡೆಯ ಮೇಲಿದ್ದರೆ ಅದರ ಬಾಯಿ ತಾನಾಗಿ ತೆರೆಯುತ್ತದೆ. ಮಾಡಿನ ಕೆಳಗೆ ಕಟ್ಟಿದ ಹಗ್ಗದ ಚಪ್ಪರವನ್ನು ಮಾತ್ರ ಮೊದಲ ದಿನ ಬರಿದಾಗಿ ಬಿಡಬೇಕು; ಮಕ್ಕಳು ಬರೆದುದನ್ನೇ ಅಲ್ಲಿ ತೂಗಬೇಕಾದ್ದರಿಂದ.

ಎಲ್ಲಕ್ಕಿಂತ ಮಿಗಿಲಾದುದು, ದಾಖಲೆಯಾದ ಪ್ರತಿಯೊಂದು ಮಗುವಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಮೊದಲೇ ಗೋಡೆಗೆ ಅಂಟಿಸಿಡುವುದು. ಕೂಲಿಗಾಗಿ ವಯನಾಡಿನ ಕಡೆಗೆ ಹೋಗಿಬರುವ ತಾಯಿತಂದೆಗಳ ಮಗುವೊಂದು ಅಜ್ಜಿಯ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದೆಯೆನ್ನಿ. ಅದಕ್ಕೆ ಓದು ಬಾರದು. “ಇದು ನಿನ್ನ ಹೆಸರು ಕಣವ್ವ, ನೀನು ಬರುತ್ತೀಯೆಂದು ಬರೆದಿಟ್ಟಿದ್ದೇವೆ” ಎಂದು ಮೇಡಂ ಬೆರಳಿಟ್ಟು ತೋರಿಸಿದರೆ ಆ ಮಗುವು ಓದಿದ ಮೊದಲ ಮಾತು ತನ್ನ ಹೆಸರೇ ಆಗುತ್ತದೆ. ತನಗಾಗಿ ಯಾರೋ ಕಾದಿದ್ದರೆಂದು ತಿಳಿದ ಮಗು ಮರುದಿನವೂ ಬರುತ್ತದೆ. ಧೂಳಿನ ನಡುವೆ ಮಧ್ಯಾಹ್ನದವರೆಗೆ ಸುಮ್ಮನೆ ಕುಳಿತ ಮಗುವಿಗೆ ಬಿತ್ತನೆಯ ದಿನಗಳಲ್ಲಿ ಮನೆಯಲ್ಲಿ ಉಳಿಯಲು ನೆಪ ಹುಡುಕಬೇಕಾಗಿಲ್ಲ.

ಮಕ್ಕಳಿಂದ ಗುಡಿಸಿಸುವ ಮಾತನ್ನೂ ಬಿಚ್ಚಿ ಹೇಳಿಬಿಡಬೇಕು. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ವಿದ್ಯೆಯ ಅಂಗವೆಂದು ಮಹಾತ್ಮರು ಬೋಧಿಸಿದರು. 1937ರ ವಾರ್ಧಾ ಪರಿಷತ್ತು ಕೈಕೆಲಸವನ್ನೇ ಶಿಕ್ಷಣದ ನಡುಗಂಬವಾಗಿ ಮಾಡಿತು. ಎಲ್ಲ ಮಕ್ಕಳೂ ಉಪಾಧ್ಯಾಯರೊಡನೆ ಸರದಿಯಲ್ಲಿ ಚಾಪೆ ಕೊಡವಿದರೆ ಅದು ಶಿಕ್ಷಣ. ಪೊರಕೆಯು ಒಂದೇ ಕೇರಿಯ ಮಕ್ಕಳ ಕೈಗೆ ಹೋದರೆ ಅದು ಮಹಾತ್ಮರ ಹೆಸರಿನಲ್ಲಿ ಮಾಡುವ ದ್ರೋಹ. ಶೌಚಾಲಯ ತೊಳೆಯುವುದು, ಮಾಡು ಹತ್ತುವುದು, ನೀರಿನ ತೊಟ್ಟಿಗೆ ಇಳಿಯುವುದು ಇವು ಯಾವ ಮಗುವಿನ ಕೆಲಸವೂ ಅಲ್ಲ.

ಉಪಾಧ್ಯಾಯರ ಮೇಲೆಯೇ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಅದೇ ವಾರದಲ್ಲಿ ಅವರು ಮನೆಮನೆಗೆ ತಿರುಗಿ ಮಕ್ಕಳನ್ನು ದಾಖಲುಮಾಡಿಕೊಳ್ಳಬೇಕು. ಪುಸ್ತಕ, ಸಮವಸ್ತ್ರ, ಬಿಸಿಯೂಟದ ಅಕ್ಕಿಯ ಲೆಕ್ಕ ನೋಡಬೇಕು. 2001ರಿಂದ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಸಮಿತಿಗಳಿವೆ. ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯಿತಂದೆಗಳೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಕಾಯಿದೆಯೇ ವಿಧಿಸಿದೆ. ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಅಂಗವಿಕಲ ಮಗುವೂ ತಡೆಯಿಲ್ಲದೆ ಒಳಬರುವ ದಾರಿ, ಆವರಣಕ್ಕೆ ಬೇಲಿ ಅಥವಾ ಗೋಡೆ: ಇವೂ ಕಾಯಿದೆಯ ಅನುಸೂಚಿಯಲ್ಲಿಯೇ ಇರುವ ಮಾತುಗಳು. ಕೇರಳಕ್ಕೂ ಊಟಿಗೂ ಹೋಗುವ ಲಾರಿ ಬಸ್ಸುಗಳು ಓಡುವ ಬೇಗೂರಿನಂತಹ ಊರಿನಲ್ಲಿ ಬೇಲಿಯ ಗೇಟಿನ ಅಗುಳಿಯೊಂದು ಸಡಿಲಾಗಿದ್ದರೂ ಅದು ಪ್ರಾಣದ ವಿಷಯ.

ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಮೆಯಾಗುತ್ತಿದ್ದಾರೆ, ಬಣ್ಣದ ವ್ಯಾನುಗಳು ಬೆಳಗಾಗುತ್ತಲೇ ಊರನ್ನು ಗುಡಿಸಿಕೊಂಡು ಹೋಗುತ್ತಿವೆ ಎಂದು ಮಹಾಜನರು ಮರುಗುತ್ತಾರೆ. ತಾಯಿಯೊಬ್ಬಳು ಸಾಲಮಾಡಿ ಶುಲ್ಕ ಕೊಡುವಾಗ ಅವಳು ನೋಡುವುದು ಇಂಗ್ಲಿಷನ್ನು ಮಾತ್ರವೇ ಅಲ್ಲ. ತನ್ನ ಮಗುವಿಗಾಗಿ ಸಿದ್ಧವಾದ ಒಂದು ಕೋಣೆಯನ್ನೂ ಅವಳು ನೋಡುತ್ತಾಳೆ. ಆ ಗೌರವವನ್ನು ನಮ್ಮೂರ ಶಾಲೆಯು ಕಾಸಿಲ್ಲದೆ ಕೊಡಬಲ್ಲದು. ಸಾಲಮಾಡಲೂ ಆಗದ ಮನೆಯ ಮಗುವಿಗೆ ಆ ಶಾಲೆಯನ್ನು ಬಿಟ್ಟರೆ ಬೇರೊಂದು ಬಾಗಿಲಿಲ್ಲ.

ಜಾತ್ರೆಗೆ ಮುನ್ನ ತೇರಿನ ಗಾಲಿಗೆ ಎಣ್ಣೆ ಬಿಡುವುದನ್ನು ಯಾವ ಊರೂ ಮರೆತುದಿಲ್ಲ. ಅದಕ್ಕೆ ಅನುದಾನದ ಆದೇಶವನ್ನೂ ಯಾರೂ ಕಾಯುವುದಿಲ್ಲ. ಶಾಲೆಗಾಗಿ ಮೂರು ದಿನ ಕೊಡಿರೆಂದು ನಮ್ಮ ವಿಜ್ಞಾಪನೆ. ಒಂದು ದಿನ ಮಾಡಿಗೂ ನೀರಿಗೂ ಶೌಚಾಲಯಕ್ಕೂ. ಒಂದು ದಿನ ಸುಣ್ಣಕ್ಕೂ ಕರಿಹಲಗೆಗೂ. ಮೂರನೆಯ ದಿನ ತಾಯಂದಿರು ಬಂದು ಮೇಡಂ ಜೊತೆ ಕುಳಿತು ಕಾರ್ಡುಗಳನ್ನು ಎಣಿಸಿ, ಹೆಸರುಗಳನ್ನು ಅಂಟಿಸಲಿ. ಆ ಮೇಲೆ ಊರಿನ ಹಿರಿಯರಲ್ಲಿ ಒಬ್ಬರು ಆರು ವರ್ಷದ ಮಗುವಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಕೋಣೆಯನ್ನು ಒಮ್ಮೆ ಸುತ್ತ ನೋಡಲಿ. ಅಲ್ಲಿಂದ ಕಾಣದುದು, ಎಟಕದುದು ಮಗುವಿನದಲ್ಲ. ಅದನ್ನು ಇಳಿಸಿ ಕೆಳಗಿಟ್ಟು, ಆಮೇಲೆ ಬಾಗಿಲಿಗೆ ಮಾವಿನ ತೋರಣ ಕಟ್ಟಲಿ.