ಅಪ್ಪನ ಊರಿನ ಎದುರು ಒಂದು ರಾಜಭೋಜನ

ಸಂಬಳ ಹೆಚ್ಚಾದ ಖುಷಿಗೆ ಅಪ್ಪನನ್ನು ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗೋ ಆಸೆ ನನಗೆ. ಮೈಸೂರಿನ ಯಾವ ಹೆಸರು ಹೇಳಿದ್ರೂ "ಬ್ಯಾಡ ಕಣವ್ವ" ಅಂತಿದ್ದರು. ಕಾರಾಪುರದ ಕಬಿನಿ ರಿವರ್ ಲಾಡ್ಜ್ ಅಂದಾಗ ಮಾತ್ರ ಒಂದು ಗಳಿಗೆ ಸುಮ್ಮನಿದ್ದು, "ಆಯ್ತು, ನಡಿ" ಅಂದರು.

ಹುಣಸೂರಿನಿಂದ ಹೊರಟು ಎಚ್.ಡಿ. ಕೋಟೆ, ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿದರೆ ಕಾರಾಪುರ. ಮಹಾರಾಜರು ಬೇಟೆಗೆ ಬಂದಾಗ ಉಳಿಯುತ್ತಿದ್ದ ಬಂಗಲೆ, ಪಕ್ಕದಲ್ಲೇ ವೈಸ್‌ರಾಯ್ ಬಂಗಲೆ. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಇವನ್ನು ಅತಿಥಿಗಳಿಗೆ ತೆರೆಯಿತು. ಬ್ರಿಟಿಷ್ ಸೈನ್ಯದಲ್ಲಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು, ಎಲ್ಲರ ಬಾಯಲ್ಲೂ 'ಪಾಪಾ' ಆಗಿ. ನಾವು ತಗೊಂಡಿದ್ದು ಒಂದು ರಾತ್ರಿಯ ಪ್ಯಾಕೇಜ್. ಊಟ, ಸಫಾರಿ ಎಲ್ಲ ಅದರಲ್ಲೇ. ರೇಟು ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಊಟದ ಜಾಗದ ಹೆಸರು ಗೋಲ್ ಘರ್. ನೀರಿನ ಅಂಚಲ್ಲಿ, ದುಂಡನೆಯ ಸೂರಿನ ಕೆಳಗೆ ಮೇಜು ಕುರ್ಚಿ. ಹಳೇ ಬಂಗಲೆ, ಹಳೇ ಮರ, ಕಪ್ಪು-ಬಿಳುಪು ಫೋಟೊ ನೋಡಿ ನಾನು ಮೊಬೈಲ್ ತೆಗೆದೆ. ಅಪ್ಪ ನೀರನ್ನೇ ನೋಡುತ್ತಿದ್ದರು.

ಅಪ್ಪನ ಊರು ಆ ನೀರೊಳಗಿದೆ. 1974ರಲ್ಲಿ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗಿದಾಗ ಈ ಭಾಗದ ಹಳ್ಳಿಗಳೂ ಕಾಡಂಚೂ ಮುಳುಗಿದವು. ಆಗ ಅಪ್ಪನಿಗೆ ಹದಿನೈದು. ಎತ್ತಿನ ಗಾಡಿಯಲ್ಲಿ ಒಳಕಲ್ಲೂ ಬಂತಂತೆ, ಅಜ್ಜಿ ಬಿಟ್ಟು ಬರಲ್ಲ ಅಂತ ಹಟ ಹಿಡಿದಿದ್ದಕ್ಕೆ. ಈಗಲೂ ನಮ್ಮ ಹಿತ್ತಲಲ್ಲಿದೆ. ಅದು ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಬಫೆಯಲ್ಲಿ ಸೂಪು, ಪಲಾವ್, ಏನೇನೋ ಇತ್ತು. ಅಪ್ಪ ತಟ್ಟೆಗೆ ಹಾಕಿಸಿಕೊಂಡಿದ್ದು ಮುದ್ದೆ, ಸೊಪ್ಪಿನ ಸಾರು. ಚಮಚ ಪಕ್ಕಕ್ಕಿಟ್ಟು ಕೈ ಹಾಕಿದರು. ಪಕ್ಕದ ಟೇಬಲ್‌ನವರು ನೋಡ್ತಾರೇನೋ ಅಂತ ನನಗೇ ಮುಜುಗರ. (ಯಾರೂ ನೋಡಲಿಲ್ಲ. ಎಲ್ಲರೂ ಬೆಳಗಿನ ಸಫಾರಿಯಲ್ಲಿ ಹುಲಿ ಸಿಗುತ್ತಾ ಅನ್ನೋ ಚಿಂತೆಯಲ್ಲಿದ್ದರು.) ಆಮೇಲೆ ನಾನೂ ಚಮಚ ಬಿಟ್ಟೆ.

ತುತ್ತಿನ ನಡುವೆ ಕಥೆ ಶುರುವಾಯ್ತು. 1971ರ ಕಾಕನಕೋಟೆ ಖೆಡ್ಡಾ, ಅದೇ ಕೊನೆಯದು. ವೈಸ್‌ರಾಯ್‌ಗಳಿಗೆ ತೋರಿಸುತ್ತಿದ್ದ ಆನೆ ಹಿಡಿಯೋ ಆಟವನ್ನು ಅಪ್ಪ ಹನ್ನೆರಡರ ಹುಡುಗನಾಗಿ ಮರ ಹತ್ತಿ ನೋಡಿದ್ದರಂತೆ. ಜೇನುಕುರುಬರು ತಮಟೆ ಹೊಡೆದು ಕೂಗ್ತಾ ಹಿಂಡನ್ನು ಹೊಳೆಗೆ ಇಳಿಸಿದ್ದು, ಸಿಕ್ಕಿಬಿದ್ದ ಮರಿಯೊಂದು ರಾತ್ರಿಯೆಲ್ಲ ಅರಚಿದ್ದು. "ಅವ್ವನ್ನ ಕೂಗ್ತಿತ್ತು ಕಣವ್ವ. ನಮ್ಮೂರಲ್ಲಿ ಯಾರೂ ಅವತ್ತು ನಿದ್ದೆ ಮಾಡ್ನಿಲ್ಲ."

ಮೂರು ವರ್ಷಕ್ಕೆ ಅವರೇ ಗಾಡಿ ಹತ್ತಿದರು.

ಊಟ ಮುಗಿಸಿ ಕೈ ತೊಳೆದು ಬಂದ ಅಪ್ಪ ಕತ್ತಲಲ್ಲಿ ನೀರಿನ ಆ ಕಡೆಗೆ ಬೆರಳು ತೋರಿಸಿದರು. "ಬ್ಯಾಸಿಗೇಲಿ ನೀರು ಇಳೀತದೆ, ಹುಲ್ಲು ಚಿಗುರ್ತದೆ, ಆನೆ ಮೇಯಕ್ಕೆ ಬತ್ತವೆ. ಆಗ ಬಂದ್ರೆ ನಮ್ಮನೆ ಎಲ್ಲಿತ್ತು ಅಂತ ತೋರಿಸ್ತೀನಿ."

ಏಪ್ರಿಲ್‌ಗೆ ಬುಕ್ ಮಾಡಿದೀನಿ. ರೇಟು ಈ ಸಲವೂ ಹೇಳಿಲ್ಲ.