ಅಟ್ಟಣೆ ಏರುವ ಹೊತ್ತು

ಮದುವೆಯ ಮುಹೂರ್ತಕ್ಕೆ ತಡವಾಗಿ ಹೋದವನಿಗೆ ಊಟವಾದರೂ ಸಿಕ್ಕೀತು. ರೈಲು ತಪ್ಪಿಸಿಕೊಂಡವನಿಗೆ ಮುಂದಿನ ರೈಲು ಉಂಟು. ಆದರೆ ಹೊತ್ತು ಮೀರಿ ಅಟ್ಟಣೆ ಏರಿದ ಬೇಟೆಗಾರನಿಗೆ ಹಿಂದೆಲ್ಲ ಸಿಕ್ಕುತ್ತಿದ್ದುದು ಇಷ್ಟೇ: ಹುಲ್ಲಿನ ಇಬ್ಬನಿಯನ್ನು ಸವರಿಕೊಂಡು ಮೃಗವು ಗುಡ್ಡದ ಕಡೆಗೆ ನಡೆದು ಹೋದ ಒಂದು ಗೆರೆ! ಅದನ್ನು ನೋಡುತ್ತ ಕೆಮ್ಮುತ್ತ ಮನೆಗೆ ಮರಳಿದವರ ಸಂಖ್ಯೆ, ಮೃಗವನ್ನು ಹೊತ್ತು ತಂದವರ ಸಂಖ್ಯೆಗಿಂತ ಬಹಳ ದೊಡ್ಡದಿದ್ದಿರಬೇಕು. ಆದರೇನು, ಬರಿಗೈಯವರು ಪುಸ್ತಕ ಬರೆಯುವುದಿಲ್ಲ.

ಬೇಟೆಯ ಕಾಲವೇನೋ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೋವಿಗಳನ್ನು ಗೋಡೆಯ ಮೊಳೆಗೆ ತೂಗುಹಾಕಿಸಿತು. ಅದು ಒಳ್ಳೆಯದೇ ಆಯಿತು. ಆದರೂ, ಬೆಳಗಿನ ಯಾವ ಹೊತ್ತಿಗೆ ಹೋಗಿ ಕೂತರೆ ಕಾಡು ನಮ್ಮನ್ನು ಮರೆತು ತನ್ನ ಪಾಡಿಗೆ ತಾನು ನಡೆದೀತು ಎಂಬ ಪ್ರಶ್ನೆ ಮಾತ್ರ ಕೋವಿಯೊಡನೆ ಮೂಲೆ ಸೇರಲಿಲ್ಲ. ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ರೈಲಿನಲ್ಲಿ ಹೋಗುವವರು ದಾರಿಯಲ್ಲಿ ಕಾಮಸಮುದ್ರವೆಂಬ ನಿಲ್ದಾಣವನ್ನು ಕಂಡಿರಬಹುದು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಜನ. ಬಂಡೆಗುಡ್ಡಗಳು, ಕುರುಚಲು ಕಾಡು, ಅದರ ಅಂಚಿಗೆ ಒತ್ತಿಕೊಂಡ ರಾಗಿಯ ಹೊಲ. ಆ ಸೀಮೆಯಲ್ಲಿ ಅಟ್ಟಣೆಯೂ ಉಂಟು, ಕಾಯುವವರೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮಾತಿನ ವಿಚಾರ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಇಷ್ಟು ಸಲಿಗೆಯನ್ನು ವಾಚಕರಿಂದ ಬೇಡಬಹುದೆಂದುಕೊಂಡಿದ್ದೇನೆ. ನಮ್ಮ ಮಲೆನಾಡಿನಲ್ಲಿ ಹಳುವನ್ನು ಸೋವುವ ಬೇಟೆಗೆ ಹೋದಾಗ ಈಡುಗಾರರು ನಿಲ್ಲುವ ಜಾಗಕ್ಕೆ 'ಬಿಲ್ಲು' ಎಂದೇ ಹೆಸರು. ಕೈಯಲ್ಲಿ ಕೋವಿ ಬಂದು ಎಷ್ಟೋ ತಲೆಮಾರು ಕಳೆದರೂ ನಿಲ್ಲುವ ಜಾಗ ಮಾತ್ರ ಬಿಲ್ಲಾಗಿಯೇ ಉಳಿಯಿತು! ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಆ ಬೇಟೆಯ ಗದ್ದಲ, ನಾಯಿಗಳ ಬೊಗಳು, ಸಂಭ್ರಮ ಎಲ್ಲವೂ ಪರಿಚಿತ. ಅಲ್ಲಿ ನಸುಕಿನ ಹಂಗಿಲ್ಲ. ಗಂಜಿ ಕುಡಿದು, ಎಲೆಯಡಿಕೆ ಹಾಕಿ, ಬಿಸಿಲೇರಿದ ಮೇಲೆ ಹೊರಟರೂ ನಡೆಯುತ್ತಿತ್ತು. ಮಲಗಿದ ಮೃಗವನ್ನು ಎಬ್ಬಿಸಿ ಅಟ್ಟಿಕೊಂಡು ಬರುವವರು ಬೇರೆ ಇದ್ದರಲ್ಲ!

ಅದಕ್ಕೆ ತೀರ ವಿರುದ್ಧವಾದದ್ದು 'ಮರಸು'. ಮರದ ಮೇಲೋ ಪೊದೆಯ ಮರೆಯಲ್ಲೋ ಒಬ್ಬನೇ ಅಡಗಿ ಕೂತು, ಮೃಗವು ತಾನಾಗಿ ನೀರಿಗೋ ಹಣ್ಣಿಗೋ ಬರುವುದನ್ನು ಕಾಯುವುದು. ಇಲ್ಲಿ ಕೂಗುವವರಿಲ್ಲ, ಓಡಿಸುವವರಿಲ್ಲ. ಹೊತ್ತು ಒಂದೇ ಬೇಟೆಗಾರನ ಸಂಗಾತಿ. ಹಳಗನ್ನಡದಲ್ಲಿ 'ಬೇಂಟೆ' ಎಂದರೆ ಮೃಗಯೆ, 'ಬೇಟ' ಎಂದರೆ ಪ್ರಣಯ. ಎರಡು ಶಬ್ದಗಳಿಗೂ ನಂಟುಂಟೋ ಇಲ್ಲವೋ, ಎರಡರಲ್ಲಿಯೂ ಮೊದಲೇ ಹೋಗಿ ಕಾಯಬೇಕಾದವನು ಯಾರೆಂಬುದು ಕಾಲೇಜಿನ ನನ್ನ ವಿದ್ಯಾರ್ಥಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ಮೃಗಯೆಯನ್ನೂ ಅರಸನ ವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಆದರೆ ಚಳಿಯಲ್ಲಿ ಮರದ ಕೊಂಬೆಗೆ ಆತುಕೊಂಡು ಕೂತ ಬಡ ಬೇಟೆಗಾರನಿಗೆ ಅದು ಎಷ್ಟು ಮಟ್ಟಿಗೆ ವಿನೋದವಾಗಿತ್ತೆಂದು ಅವನನ್ನೇ ಕೇಳಬೇಕಿತ್ತು.

ಹುಲಿ ಚಿರತೆಗಳಿಗಾಗಿ ಕೂರುವವರು ಬೆಳಗನ್ನು ನೆಚ್ಚಿದವರಲ್ಲ. ಕೊಂದ ದನದ ಬಳಿಗೆ ಹುಲಿ ಮರಳುವುದು ಸಾಮಾನ್ಯವಾಗಿ ಸಂಜೆಯ ಮೇಲೆ. ಆದ್ದರಿಂದ ಮಧ್ಯಾಹ್ನ ಮೂರು ನಾಲ್ಕು ಗಂಟೆಗೇ ಮಚಾನು ಏರಿಬಿಡುವುದು ವಾಡಿಕೆ. ಅದರಲ್ಲೊಂದು ಉಪಾಯವೂ ಇತ್ತು. ಬೇಟೆಗಾರನನ್ನು ಬಿಡಲು ನಾಲ್ಕೈದು ಮಂದಿ ಜೊತೆಗೆ ಬರುವರು. ಅವನು ಮೇಲೇರಿದೊಡನೆ ಉಳಿದವರು ಗಟ್ಟಿಯಾಗಿ ಮಾತಾಡುತ್ತ ಹಿಂದಿರುಗುವರು. ಪೊದೆಯಲ್ಲಿ ಮಲಗಿ ಆಲಿಸುವ ಹುಲಿರಾಯನಿಗೆ ಲೆಕ್ಕ ಬಾರದು. ಬಂದವರೆಲ್ಲ ಹೋದರೆಂದು ನಂಬಿಬಿಡುವನು. ಜಿಮ್ ಕಾರ್ಬೆಟ್ ರುದ್ರಪ್ರಯಾಗದ ನರಭಕ್ಷಕ ಚಿರತೆಗಾಗಿ ಒಂದೇ ಮಾವಿನ ಮರದ ಮೇಲೆ ಸಾಲಾಗಿ ಹತ್ತು ರಾತ್ರಿ ಬರಿದೇ ಕೂತು, 1926ರ ಮೇ ತಿಂಗಳಲ್ಲಿ ಹನ್ನೊಂದನೆಯ ರಾತ್ರಿ ಅದನ್ನು ಕೊಂದದ್ದು ಪ್ರಸಿದ್ಧ ಸಂಗತಿ. ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ನರ ಜವಳಗಿರಿ, ಗುಮ್ಮಳಾಪುರದ ಕಥೆಗಳೂ ಹೆಚ್ಚಾಗಿ ಇರುಳಿನವೇ. ಪೂರ್ಣಚಂದ್ರ ತೇಜಸ್ವಿಯವರು ಕಾರ್ಬೆಟ್ ಮತ್ತು ಆಂಡರ್ಸನ್ ಇಬ್ಬರನ್ನೂ ಕನ್ನಡಕ್ಕೆ ತಂದ ಮೇಲೆ ನಮ್ಮ ಮನೆಗಳ ಹುಡುಗರು ಕೂಡ ಮಚಾನಿನ ಮೇಲೆ ಕೆಲವು ರಾತ್ರಿ ಕಳೆದುಬಿಟ್ಟಿದ್ದಾರೆ, ಹೊದಿಕೆಯೊಳಗಿನಿಂದಲೇ!

ಬೆಳಗಿನ ಅಟ್ಟಣೆ ಬೇಕಾಗುತ್ತಿದ್ದುದು ಹಂದಿ, ಜಿಂಕೆ, ಮೊಲಗಳಿಗೆ. ಇವು ರಾತ್ರಿಯೆಲ್ಲ ಹೊಲದಲ್ಲಿ ಮೇದು, ಕೆರೆಯಲ್ಲಿ ನೀರು ಕುಡಿದು, ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ನೆಳಲಿಗೆ ಮರಳುತ್ತವೆ. ಆ ಮರಳುವ ದಾರಿಯ ಪಕ್ಕದಲ್ಲಿ, ಅವು ಹೊರಡುವ ಮುನ್ನವೇ ಹೋಗಿ ಕೂತಿರಬೇಕು. ಎಷ್ಟು ಮುನ್ನ?

ಇದಕ್ಕೆ ಉತ್ತರ ಕೊಡಲು ಗಡಿಯಾರಕ್ಕಿಂತ ನಮ್ಮ ಪಂಚಾಂಗವೇ ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ. ಒಂದು ಘಳಿಗೆಯೆಂದರೆ 24 ನಿಮಿಷ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಇರುವಾಗ ಅರುಣೋದಯ ಕಾಲವೆಂದು ಶಾಸ್ತ್ರಕಾರರು ಹೇಳಿದರು. ಬ್ರಾಹ್ಮೀ ಮುಹೂರ್ತ ಮೊದಲಾಗುವುದೂ ಆಗಲೇ. ನಮ್ಮ ಅಕ್ಷಾಂಶದಲ್ಲಿ ಮೂಡಲ ಬಾನು ಬಣ್ಣ ತಿರುಗುವುದು ಸೂರ್ಯೋದಯಕ್ಕೆ ಸುಮಾರು ಮೂರು ಘಳಿಗೆ ಮೊದಲು. ದೀಪವಿಲ್ಲದೆ ಕಾಲದಾರಿ ಕಾಣುವುದು ಒಂದು ಘಳಿಗೆ ಮೊದಲು. ಬಂಗಾರಪೇಟೆಯ ಸೀಮೆಯಲ್ಲಿ ಜನವರಿಯ ನಡುವಿನಲ್ಲಿ ಸೂರ್ಯ ಹುಟ್ಟುವುದು 6-40ರ ಸುಮಾರಿಗೆ. ಗುರಿ ಹಿಡಿಯುವಷ್ಟು ಬೆಳಕು 6-15ರಿಂದ 6-20ಕ್ಕೆ. ಹಾಗಾದರೆ ಅಟ್ಟಣೆಯ ಮೇಲೆ ಉಸಿರು ಸಮವಾಗಿ ಕೂತಿರಬೇಕಾದದ್ದು ಐದು ಗಂಟೆಗೆ. ಜೂನ್ ತಿಂಗಳಲ್ಲಿ ಸೂರ್ಯ 5-50ಕ್ಕೇ ಹುಟ್ಟುವುದರಿಂದ ಲೆಕ್ಕ ಇನ್ನೂ 50 ನಿಮಿಷ ಹಿಂದಕ್ಕೆ ಸರಿಯುತ್ತದೆ. ನಾಲ್ಕಕ್ಕೇ ಮರ ಏರಿರಬೇಕೆಂದರೆ ಮನೆಯನ್ನು ಯಾವಾಗ ಬಿಡಬೇಕೆಂಬುದನ್ನು ಅವರವರ ನಡಿಗೆಗೆ ಬಿಡುತ್ತೇನೆ.

ತಿಥಿಯೂ ಮುಖ್ಯ. ಶುಕ್ಲಪಕ್ಷದ ಚಂದ್ರ ಸಂಜೆಗೆ ಸೊಬಗು ಕೊಡುತ್ತಾನೆ. ಹುಣ್ಣಿಮೆ ಹತ್ತಿರವಾಗುವವರೆಗೆ ನಸುಕಿಗೆ ಉಳಿಯುವುದಿಲ್ಲ. ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ನಡುರಾತ್ರಿಗೆ ಹುಟ್ಟಿ, ನಸುಕಿನಲ್ಲಿ ನೆತ್ತಿಯ ಮೇಲಿರುತ್ತಾನೆ. ಬ್ಯಾಟರಿ ಹಚ್ಚದೆ, ಎಡವದೆ ಮರದವರೆಗೆ ನಡೆಯಲು ಇವನೇ ಗತಿ. ಅಮಾವಾಸ್ಯೆಯಾದರೆ ಹಾವು ಚೇಳುಗಳ ದಯೆ.

ಇನ್ನು ಗಾಳಿ. ಇದನ್ನು ಅರಿಯದೆ ಮೂರು ಗಂಟೆಗೆ ಹೋಗಿ ಕೂತರೂ ಫಲವಿಲ್ಲ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಗುಡ್ಡದಿಂದ ತಗ್ಗಿಗೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ತಗ್ಗಿನಿಂದ ಮೇಲಕ್ಕೆ ಏರುತ್ತದೆ. ಕಾಯುವವನು ದಾರಿಯ ನೇರ ಮೇಲ್ಗಡೆ ಕೂತನೋ, ಅವನ ಬೀಡಿಯ, ಬೆವರಿನ, ತಲೆಗೆ ಹಚ್ಚಿದ ಕೊಬ್ಬರಿಯೆಣ್ಣೆಯ ವಾಸನೆಯೆಲ್ಲ ಕೆಳಗಿನಿಂದ ಬರುವ ಹಂದಿಗೆ ಮೊದಲೇ ಮುಟ್ಟಿಬಿಡುತ್ತದೆ. ಆದ್ದರಿಂದ ಬಲ್ಲವರು ದಾರಿಗೆ ಅಡ್ಡಲಾಗಿ, ಪಕ್ಕದ ಮರವನ್ನು ಆರಿಸುತ್ತಿದ್ದರು. ಮೃಗ ನಡೆಯುವ ದಾರಿಯನ್ನು ಮೆಟ್ಟದೆ, ಸುತ್ತು ಹಾಕಿ ಬರುತ್ತಿದ್ದರು. ಆ ಸುತ್ತಿಗೆ ಇನ್ನೊಂದು ಘಳಿಗೆ ಕೈಬಿಡಬೇಕು.

ತೀರ ಮೊದಲು ಹೋಗುವುದರಲ್ಲಿಯೂ ನಷ್ಟವುಂಟು. ಪುಷ್ಯಮಾಸದ ಚಳಿಯಲ್ಲಿ ಎರಡು ತಾಸು ಅಲುಗದೆ ಕೂತವನ ಕಾಲು ಜೋಮು ಹಿಡಿಯುತ್ತದೆ, ಗಂಟಲು ಕೆರೆಯುತ್ತದೆ, ಎಲ್ಲಕ್ಕಿಂತ ಕೆಟ್ಟದ್ದು, ನಿದ್ದೆ ಬರುತ್ತದೆ. ಕೇಪಿನ ಕೋವಿಯ ಕಾಲದಲ್ಲಿ ಇಬ್ಬನಿಯೂ ಒಂದು ಶತ್ರು. ಕೇಪು ತೇವವಾದರೆ ಕುದುರೆ ಬಿದ್ದು 'ಟಪ್' ಎಂದೀತೇ ಹೊರತು ಈಡು ಹಾರದು. ಅದಕ್ಕಾಗಿ ಬಟ್ಟೆ ಸುತ್ತಿಟ್ಟು ಕಾಯುತ್ತಿದ್ದರು.

ಕಾಮಸಮುದ್ರದ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಹೊಲ ಕಾಯುವ ಮುದುಕರೊಬ್ಬರೊಡನೆ ಈ ಲೆಕ್ಕವನ್ನೆಲ್ಲ ನಾನು ಉತ್ಸಾಹದಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಮೇಷ್ಟ್ರೇ, ಘಳಿಗೆ ನಿಮಿಷ ನಂಗೊತ್ತಿಲ್ಲ. ನೀವು ಹೋಗಿ ಕೂತ್ಕೊಂಡಾಗ ಜೀರುಂಡೆ ಬಾಯಿ ಮುಚ್ಕೊಂಡ್ರೆ, ನೀವು ಬಂದಿದ್ದು ಕಾಡಿಗೆಲ್ಲ ಗೊತ್ತಾಯ್ತು ಅಂತ. ಅದು ತಿರುಗಾ ಬಾಯಿ ಬಿಡೋವರ್ಗೂ ನೀವು ಬಂದಂಗಲ್ಲ" ಎಂದರು. ನನ್ನ ಪಂಚಾಂಗವನ್ನು ನಾನು ಮೆಲ್ಲನೆ ಮಡಿಸಿಕೊಂಡೆ.

"ಹಾಗಾದರೆ ತಾತ, ನೀವು ಬೆಳಗ್ಗೆ ಎಷ್ಟು ಹೊತ್ತಿಗೆ ಮಂಚಿಕೆ ಏರುತ್ತೀರಿ?" ಎಂದು ಕೇಳಿದೆ.

"ಬೆಳಗ್ಗೆ ಏರೋದು ನಿಮ್ಮ ದೊರೆಗಳ ಬೇಟೆ. ನಮ್ದು ಹೊತ್ತು ಮುಳುಗೋಕೆ ಮುಂಚೆ ಏರೋದು. ಬೆಳಗ್ಗೆ ಇಳಿಯೋದು ಎಷ್ಟೊತ್ತಿಗೆ ಅಂತ ಕೇಳಿ. ಅಲ್ಲಿರೋದು ಜೀವ."

ಈ ಮಾತಿನ ಹಿಂದೆ ನಾಲ್ಕು ದಶಕಗಳ ಕಥೆಯುಂಟು. 1980ರ ದಶಕದಲ್ಲಿ ಹೊಸೂರು ಕಡೆಯ ಕಾಡುಗಳಿಂದ ಹೊರಟ ಆನೆಗಳು ಮೂಡಲಿಗೆ ಸರಿದು ಚಿತ್ತೂರು ಜಿಲ್ಲೆಯ ಕಾಡುಗಳನ್ನು ಸೇರಿದವು. ಅಲ್ಲಿ 1990ರಲ್ಲಿ ಕೌಂಡಿನ್ಯ ವನ್ಯಧಾಮವಾಯಿತು. ಆ ಕಾಡಿಗೂ ಈ ಕಾಡಿಗೂ ನಡುವೆ ಸಿಕ್ಕಿದ ಕಾಮಸಮುದ್ರದ ಸೀಮೆ ಆನೆಗಳ ಓಡಾಟದ ನೆಲವಾಯಿತು. ಮೂರು ರಾಜ್ಯಗಳ ಗಡಿಕಲ್ಲುಗಳನ್ನು ಓದಲು ಆನೆಗೆ ಬಾರದು. ದಿನಕ್ಕೆ 150 ಕಿಲೋ ಮೇವು ಬೇಡುವ ಹೊಟ್ಟೆಗೆ, ಕಾರ್ತಿಕ ಮಾರ್ಗಶಿರಗಳಲ್ಲಿ ತೆನೆ ಬಲಿತು ನಿಂತ ರಾಗಿಯ ಹೊಲಕ್ಕಿಂತ ಒಳ್ಳೆಯ ಛತ್ರ ಎಲ್ಲಿದೆ? ಒಂದು ಹಿಂಡು ಒಂದು ರಾತ್ರಿ ಇಳಿದರೆ ಒಂದು ಮನೆಯ ವರ್ಷದ ಮುದ್ದೆ ಹೋಯಿತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಆದ್ದರಿಂದ ಮರದ ಮೇಲೆ, ಸೊಂಡಿಲು ಎಟುಕದ ಎತ್ತರದಲ್ಲಿ, ಮಂಚಿಕೆ ಕಟ್ಟಿ ಕಾಯುತ್ತಾರೆ. ತಮಟೆ, ಪಟಾಕಿ, ಬ್ಯಾಟರಿ ಇವೇ ಆಯುಧಗಳು. ಬೇಲಿಗೆ ಕಳ್ಳತನದಿಂದ ಕರೆಂಟು ಹರಿಸುವವರೂ ಉಂಟು. ಅದು ಆನೆಯನ್ನೂ ಕೊಲ್ಲುತ್ತದೆ, ನೀರು ಹಾಯಿಸಲು ಬಂದ ನೆರೆಹೊಲದವನನ್ನೂ ಕೊಲ್ಲುತ್ತದೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಂಜೆ ಆನೆ ಬರುವುದನ್ನು ಊರೆಲ್ಲ ಎದುರುನೋಡುತ್ತಿರುತ್ತದೆ. ನಾಯಿ ಬೊಗಳುತ್ತದೆ, ಕೂಗು ಏಳುತ್ತದೆ. ಬೆಳಗಿನ ಜಾವ ಹಾಗಲ್ಲ. ಕಾದವನಿಗೆ ಕಣ್ಣು ಭಾರವಾಗಿರುತ್ತದೆ. ರಾತ್ರಿ ಕಳೆಯಿತೆಂಬ ಧೈರ್ಯ ಬಂದಿರುತ್ತದೆ. ಆನೆಯೋ, ಹೊಟ್ಟೆ ತುಂಬಿಸಿಕೊಂಡು ಸದ್ದಿಲ್ಲದೆ ಕಾಡಿಗೆ ಮರಳುತ್ತಿರುತ್ತದೆ. ಅಷ್ಟು ದೊಡ್ಡ ದೇಹದ ಅಂಗಾಲು ಮೆತ್ತನೆಯ ದಿಂಬಿನಂತಿರುವುದರಿಂದ, ಹತ್ತು ಮಾರು ದೂರದಲ್ಲಿ ನಡೆದರೂ ಕೇಳಿಸದೆ ಹೋಗಬಹುದು. ಮಬ್ಬಿನಲ್ಲಿ ಬಂಡೆಗೂ ಆನೆಗೂ ವ್ಯತ್ಯಾಸ ತಿಳಿಯದು. ಬಂಡೆಗಳೇ ತುಂಬಿದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಈ ಗಡಿಯ ಊರುಗಳಲ್ಲಿ ಆನೆಗೆ ಸಿಕ್ಕಿ ಸತ್ತವರುಂಟು. ಹೊಲ ನೋಡಿ ಬರುತ್ತೇನೆಂದು ನಸುಕಿಗೆ ಹೊರಟ ಗಂಡಸು, ಬಯಲಿಗೆ ಹೊರಟ ಹೆಂಗಸು, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟವರು, ಇವರೆಲ್ಲರ ಹೊತ್ತೂ ಆನೆ ಮನೆಗೆ ಮರಳುವ ಹೊತ್ತೂ ಒಂದೇ. ಕೋಲಾರ ಸೀಮೆಯ ಸಂಸಾರಗಳು ನಿಂತಿರುವುದು ಹಾಲು ಮತ್ತು ರೇಷ್ಮೆಯ ಮೇಲೆ. ಡೈರಿಯಲ್ಲಿ ಹಾಲು ಅಳೆಯುವ ಹೊತ್ತು ಸೂರ್ಯನನ್ನು ಕಾಯುವುದಿಲ್ಲ.

ಇದೇ ಕಾಯುವ ವಿದ್ಯೆಯನ್ನು ಈಗ ಸರ್ಕಾರವೂ ಬಳಸುತ್ತದೆ. 2023ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಗಳು ಒಂದೇ ವೇಳೆ ಆನೆಗಳನ್ನು ಎಣಿಸಿದಾಗ, ಅರಣ್ಯ ಇಲಾಖೆಯವರು ನೀರಿನ ತಾಣಗಳ ಬಳಿ ಮರೆಯಾಗಿ ಕೂತು ಬಂದ ಹಿಂಡುಗಳನ್ನು ಬರೆದುಕೊಂಡರು. ಆ ಸಲ ಕರ್ನಾಟಕದ ಅಂದಾಜು 6,395 ಆನೆಗಳು. ಕೋವಿಯ ಬದಲು ಸೀಸದ ಕಡ್ಡಿ ಹಿಡಿದು ಮರಸು ಕೂರುವ ಈ ಬೇಟೆಯಲ್ಲಿಯೂ ಮೊದಲ ನಿಯಮ ಹಳೆಯದೇ: ಮೃಗ ಬರುವ ಮುನ್ನ ಹೋಗಿರಬೇಕು, ಹೋದ ಮೇಲೆ ಇಲ್ಲದಂತಿರಬೇಕು.

ತಾತನವರ ಮಂಚಿಕೆಯಿಂದ ಇಳಿಯುವ ಹೊತ್ತನ್ನು ನಾನು ಮತ್ತೆ ಕೇಳಿದೆ. ಹೊಲದ ಬದುವಿನಲ್ಲಿ ಒಂದು ಹಳೆಯ ಹುಣಿಸೆ ಮರವಿತ್ತು. ಹುಣಿಸೆಯ ಎಲೆ ಇರುಳಿಗೆ ಜೋಡಿ ಜೋಡಿಯಾಗಿ ಮಡಿಸಿಕೊಂಡು, ಬೆಳಕಾದ ಮೇಲೆ ಬಿಡಿಸಿಕೊಳ್ಳುತ್ತದೆಯೆಂಬುದನ್ನು ವಾಚಕರು ಬಲ್ಲರು. "ಕಾಗೆ ಕೂಗಿದ್ರೆ ಇಳಿಯಲ್ಲ. ಕೋಳಿ ಕೂಗಿದ್ರೂ ಇಳಿಯಲ್ಲ. ಅದು ಆನೆನ ನೋಡಿ ಕೂಗಲ್ಲ. ಆ ಹುಣಿಸೆ ಎಲೆ ಪೂರ್ತಿ ಬಿಚ್ಕೊಂಡು, ಒಂದೊಂದು ಎಲೆ ಬೇರೆ ಬೇರೆ ಕಾಣ್ಬೇಕು. ಆಮೇಲೆ ನಾನು ಇಳಿದು ಒಂದು ಕೂಗು ಹಾಕ್ತೀನಿ. ಆ ಕೂಗು ಕೇಳಿದ ಮೇಲೇನೇ ನಮ್ಮ ಸೊಸೆ ಹಾಲಿನ ಕ್ಯಾನು ಎತ್ಕೊಂಡು ಹೊರಗೆ ಕಾಲಿಡೋದು" ಎಂದರು. ಡೈರಿಗೆ ತಡವಾಗುವುದಿಲ್ಲವೇ ಎಂದೆ. ಒಂದೊಂದು ದಿನ ಆಗುತ್ತದಂತೆ. ಆ ದಿನ ಮನೆಯ ಮಕ್ಕಳಿಗೆ ಹಾಲು ಹೆಚ್ಚು.