ಉಣ್ಣುವ ಮುನ್ನ ಒಂದು ಶರಣಾರ್ಥಿ

ಎಳ್ಳ ಅಮವಾಸ್ಯೆಯಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಊರೊಳಗೆ ಜನರನ್ನು ಕಾಣುವುದೇ ಅಪರೂಪ. ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಶೇಂಗಾ ಹೋಳಿಗೆ, ಭಜ್ಜಿ, ಬದನೆಯ ಎಣ್ಣೆಗಾಯಿ ಇವನ್ನೆಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ಬಿಳಿಜೋಳದ ಬೆಳೆಯ ನಡುವೆ ಭೂಮಿತಾಯಿಯನ್ನು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುವವರೆಗೆ ಯಾರೂ ತುತ್ತನ್ನು ಬಾಯಿಗಿಡುವುದಿಲ್ಲ. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಂದು ಬೆಳೆ ಇನ್ನೂ ನೆಲದ ಮೇಲೆಯೇ ನಿಂತಿರುತ್ತದೆ, ರಾಶಿಯಾಗಿರುವುದಿಲ್ಲ. ಕೈಗೆ ಹತ್ತುವುದೋ ಇಲ್ಲವೋ ಬಲ್ಲವರಾರು? ಆದರೂ ಒಕ್ಕಲಿಗನು ಮೊದಲು ಭೂಮಿಗೆ ಉಣಿಸಿ ಅನಂತರ ತಾನು ಉಣ್ಣುತ್ತಾನೆ.

ಬರವು ಈ ಸೀಮೆಗೆ ಹೊಸ ಅತಿಥಿಯಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಇಂಡಿಯ ಕಡೆಗೆ ಲಿಂಬೆಯ ಗಿಡಗಳನ್ನು ಉಳಿಸಿಕೊಳ್ಳಲು ಟ್ಯಾಂಕರಿನ ನೀರನ್ನು ಕೊಂಡು ಉಣಿಸಿದ ರೈತರ ಪಾಡು ಯಾರಿಗೆ ತಿಳಿಯದು? ಇಂಥ ನಾಡಿನಲ್ಲಿ ಕುಳಿತು ‘ಇದ್ದುದಕ್ಕೆ ಕೃತಜ್ಞರಾಗಿರಿ’ ಎಂದು ಬರೆಯಲು ನಮಗೆ ಸಂಕೋಚವಾಗುತ್ತದೆ. ನೋವುಂಡವನಿಗೆ ಉಪದೇಶವು ಗಾಯದ ಮೇಲಿನ ಬರೆ. ಆದುದರಿಂದ ಕಷ್ಟವನ್ನು ಮರೆಯಿರೆಂದು ನಾವು ಹೇಳುವುದಿಲ್ಲ. ಕಷ್ಟವನ್ನು ಎಣಿಸಲು ಮನಸ್ಸಿಗೆ ಯಾರೂ ಕಲಿಸಬೇಕಾಗಿಲ್ಲ. ಉಪಕಾರವನ್ನು ಎಣಿಸಲು ಮಾತ್ರ ಅದಕ್ಕೆ ರೂಢಿ ಬೇಕು ಎಂಬಷ್ಟೇ ನಮ್ಮ ಮಾತು.

ಆ ರೂಢಿಯನ್ನು ನಮ್ಮ ಧರ್ಮವು ವರ್ಷಕ್ಕೊಂದು ಹಬ್ಬಕ್ಕೆ ಬಿಟ್ಟುಕೊಟ್ಟಿಲ್ಲ, ದಿನದಿನದ ಎಡೆಯ ಮುಂದೆಯೇ ಇರಿಸಿದೆ. ಲಿಂಗಕ್ಕೆ ಅರ್ಪಿಸುವ ಮುನ್ನ ಪದಾರ್ಥ. ಅರ್ಪಿಸಿದ ಬಳಿಕ ಪ್ರಸಾದ. ರೊಟ್ಟಿ ಅದೇ, ಪಲ್ಯ ಅದೇ. ಬದಲಾಗುವುದು ಕೈಯೊಡ್ಡುವವನ ಮನಸ್ಸು. ‘ಇದು ನನ್ನ ಗಳಿಕೆ’ ಎಂಬ ಬಿಗುವು ಸಡಿಲಿ ‘ಇದು ನನಗೆ ಬಂದದ್ದು’ ಎಂಬ ವಿನಯ ಮೂಡುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ತಿದ್ದಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿದ್ದೇ. ಸಾಕೆಂಬ ಅರಿವು ಇಲ್ಲದವನಿಗೆ ಬಂದುದರ ಬೆಲೆ ತಿಳಿಯುವುದಾದರೂ ಹೇಗೆ?

ಆದರೆ ನಿಜವನ್ನು ನುಡಿಯಬೇಕು. ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಕಣ್ಮುಚ್ಚಿ ಪ್ರಸಾದವೆಂದು ಕೈಮುಗಿದ ಮರುಗಳಿಗೆಯಲ್ಲೇ ‘ಇದೇನು, ಉಪ್ಪೇ ಇಲ್ಲ’ ಎಂದು ಹುಬ್ಬು ಗಂಟಿಕ್ಕುವವರು ನಾವೇ. ದೇವರಿಗೆ ಸಂದ ಶರಣಾರ್ಥಿ, ಒಲೆಯ ಮುಂದೆ ಬೆಂದ ಕೈಗೆ ಸಲ್ಲುವುದಿಲ್ಲ. ಬೆಳಗಿನ ಐದು ಗಂಟೆಗೆದ್ದು ರೊಟ್ಟಿ ಬಡಿದವಳು, ಜೋಳ ಬೆಳೆದವನು, ಕೊಟ್ಟಿಗೆಯ ಸಗಣಿ ಬಳಿದವನು ಇವರಾರ ಹೆಸರೂ ನಮ್ಮ ಪ್ರಾರ್ಥನೆಯಲ್ಲಿಲ್ಲ. ನಮ್ಮ ಕೃತಜ್ಞತೆಗೆ ಹತ್ತಿದ ದೊಡ್ಡ ರೋಗವಿದು ಎಂದೇ ನಮ್ಮ ಎಣಿಕೆ.

ಈ ರೋಗ ಹತ್ತದಂತೆ ಬಾಳಿದವರೊಬ್ಬರನ್ನು ನಮ್ಮ ಜಿಲ್ಲೆಯೇ ಕಂಡಿದೆ. ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಿಂದ ನಾಡಿಗೆಲ್ಲ ನುಡಿಯ ಬೆಳಕನ್ನು ಹಂಚಿದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅಂಗಿಗೆ ಜೇಬನ್ನೇ ಇಟ್ಟುಕೊಳ್ಳದ ಅವರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ನಮ್ಮನ್ನು ತಟ್ಟಿದ್ದು, 2014ರಷ್ಟು ಹಿಂದೆಯೇ ಅವರು ಬರೆದಿಟ್ಟಿದ್ದ ಅಂತಿಮ ಅಭಿವಂದನ ಪತ್ರ. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಬೇಡ ಎಂಬ ಸೂಚನೆಗಳು ಅದರಲ್ಲಿದ್ದವು. ಆದರೆ ಅದು ಬರಿಯ ಸೂಚನೆಗಳ ಕಾಗದವಲ್ಲ. ತಮ್ಮನ್ನು ರೂಪಿಸಿದ ಗುರುವನ್ನೂ, ತಂಪನೆರೆದ ನಿಸರ್ಗವನ್ನೂ, ಒಡನಿದ್ದ ಜನರನ್ನೂ ನೆನೆದು ಕೈಮುಗಿದ ವಂದನೆ. ಕೊನೆಯ ಗಳಿಗೆಗೆಂದು ಮೀಸಲಿಡದೆ, ಎಂಟು ವರ್ಷಕ್ಕೂ ಮೊದಲೇ ಅದನ್ನು ಬರೆದು ಮುಗಿಸಿದ್ದರು. ನಮ್ಮಲ್ಲಿ ಎಷ್ಟು ಮಂದಿ ಹೆತ್ತವರ ಗುಣವನ್ನು ಅವರ ಸಮಾಧಿಯ ಮುಂದೆ ನಿಂತ ಮೇಲಷ್ಟೇ ಬಾಯಿಬಿಟ್ಟು ಹೇಳುತ್ತೇವೆ!

ಕೃತಜ್ಞತೆಯ ಲೆಕ್ಕದಲ್ಲಿ ಇನ್ನೊಂದು ಬಾಕಿಯೂ ಇದೆ. 1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಅಣೆಕಟ್ಟಿನ ನೀರು ಇಂದು ನಮ್ಮ ಎಷ್ಟೋ ಹೊಲಗಳನ್ನು ಮುಟ್ಟಿದೆ. ಆ ನೀರಿನಡಿಯಲ್ಲಿ ಕೃಷ್ಣೆಯ ದಂಡೆಯ ಊರುಗಳಿವೆ, ಗುಡಿಗಳಿವೆ, ಹಿರಿಯರ ಸಮಾಧಿಗಳಿವೆ. ಮನೆಮಠ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರು ದೂರದವರೇನಲ್ಲ, ನಮ್ಮ ಬೀಗರು ಬಿಜ್ಜರೇ. ಕಾಲುವೆಗೆ ನೀರು ಬಂದ ದಿನ ಬಾಗಿನ ಬಿಡುವ ನಾವು ಅವರನ್ನು ನೆನೆಯುತ್ತೇವೆಯೇ? ನೆನೆದವನು ನೀರನ್ನು ಪೋಲು ಮಾಡಲಾರನು.

ಇನ್ನು ಆಚರಣೆಯ ಮಾತು. 2003ರಲ್ಲಿ ಅಮೆರಿಕದ ಎಮನ್ಸ್ ಮತ್ತು ಮೆಕಲಫ್ ಎಂಬ ಮನೋವಿಜ್ಞಾನಿಗಳು ತಮ್ಮ ಅಧ್ಯಯನವೊಂದನ್ನು ಪ್ರಕಟಿಸಿದರು. ಹತ್ತು ವಾರಗಳ ಕಾಲ ಕೆಲವರು ವಾರಕ್ಕೊಮ್ಮೆ ತಮಗಾದ ಉಪಕಾರಗಳನ್ನು, ಕೆಲವರು ಕಿರಿಕಿರಿಗಳನ್ನು ಬರೆದರು. ಉಪಕಾರ ಬರೆದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವನ್ನೂ, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆಯನ್ನೂ ತೋರಿದರು. ಇದರ ಫಲ ಅತಿ ದೊಡ್ಡದೇನಲ್ಲವೆಂದು ಮುಂದಿನ ಪರಿಶೀಲನೆಗಳು ಹೇಳಿವೆ, ಅದನ್ನೂ ಮುಚ್ಚಿಡಬಾರದು. ಸಾಲದ ಚಿಂತೆಯಿಂದ ನಿದ್ದೆಗೆಟ್ಟು, ಬದುಕೇ ಬೇಡವೆನ್ನುವವರಿಗೆ ಇದು ಮದ್ದಲ್ಲ. ಅಂಥವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಮಾತನಾಡಿಸಬೇಕು.

ಉಳಿದ ಮನೆಗಳಿಗೆ ನಮ್ಮ ಸೂಚನೆ ಸರಳ. ಸಂಜೆಯ ಪ್ರಾರ್ಥನೆ ಮುಗಿದೊಡನೆ ಪ್ರತಿಯೊಬ್ಬರೂ ಅಂದಿನ ಒಂದು ಉಪಕಾರವನ್ನು, ಅದನ್ನು ಮಾಡಿದವರ ಹೆಸರಿನೊಂದಿಗೆ ಹೇಳಲಿ. ನಿನ್ನೆಯದನ್ನೇ ಇಂದೂ ಹೇಳಬಾರದು. ಮನಸ್ಸು ಮುದುಡಿದವರು ಸುಮ್ಮನಿರಲಿ, ಒತ್ತಾಯ ಬೇಡ. ಮಕ್ಕಳು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಶಾಲೆಯಲ್ಲಿ ಪೆನ್ಸಿಲ್ ಕೊಟ್ಟ ಗೆಳೆಯನನ್ನು ಅವು ಮರೆಯುವುದಿಲ್ಲ. ಆ ಮಾತು ಸಂಬಂಧಪಟ್ಟವರ ಕಿವಿಗೂ ಬೀಳಬೇಕೆಂಬುದನ್ನು ಮರೆಯಬಾರದು.

ನಮ್ಮ ಮನೆಯಲ್ಲಿ ಇದನ್ನು ಮೊದಲು ಮಾಡಿದ ದಿನ ಊಟದ ನಡುವೆ ಸೊಸೆಯನ್ನು ಕರೆದು, ‘ಸಾರು ಭಾಳ ಛಲೋ ಆಗೇತಿ ನೋಡವ್ವಾ’ ಎಂದೆವು. ಆಕೆ ಗಾಬರಿಯಿಂದ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು: ‘ಯಾಕ್ರಿ ಮಾವಾರ, ಉಪ್ಪು ಹೆಚ್ಚಾಗೇತೇನ್ರಿ?’ ಹತ್ತು ವರ್ಷಗಳಿಂದ ಕೊರತೆಯನ್ನಷ್ಟೇ ಕೇಳಿದ ಕಿವಿ ಅದು. ಇಲ್ಲವ್ವಾ ಎಂದು ನಂಬಿಸಲು ನಮಗೆ ಒಂದು ವಾರವೇ ಹಿಡಿಯಿತು.